ಒತ್ತಡ ಮತ್ತು ಆತಂಕದ ನಿರ್ವಹಣೆ: ಚೀನೀ ವೈದ್ಯಪದ್ಧತಿಯನ್ನು ದಿನಚರಿಗೆ ಅಳವಡಿಸಿಕೊಳ್ಳುವ ಬಗೆ

ಆತಂಕ ಕಾಡುವವರಲ್ಲಿ ಹಲವರು ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ, ಉಗುಳು ನುಂಗಿದರೂ ಇಳಿಯುವುದಿಲ್ಲ, ಪರೀಕ್ಷೆ ಮಾಡಿಸಿದರೆ ಅಲ್ಲಿ ಏನೂ ಕಾಣುವುದಿಲ್ಲ ಎಂದು ಹೇಳುತ್ತಾರೆ. ಚೀನೀ ವೈದ್ಯಪದ್ಧತಿಯಲ್ಲಿ ಇದಕ್ಕೆ 'ಮೇಯ್ ಹೆ ಚೀ' ಎಂಬ ಹೆಸರೇ ಇದೆ. ಪ್ಲಮ್ ಹಣ್ಣಿನ ಬೀಜ ಗಂಟಲಲ್ಲಿ ನಿಂತಂತಿರುವ ಸ್ಥಿತಿ ಎಂದು ಅದರ ಅರ್ಥ. ಮನಸ್ಸಿನ ಸಂಕಟವನ್ನು ದೇಹದ ಒಂದು ಜಾಗದಲ್ಲಿ ಗುರುತಿಸಿ, ಅಲ್ಲಿಂದಲೇ ಉಪಚಾರವನ್ನು ಆರಂಭಿಸುವ ಈ ಕ್ರಮವೇ ಆ ಪದ್ಧತಿಯಿಂದ ನಾವು ಪಡೆಯಬಹುದಾದ ಅತ್ಯಂತ ಉಪಯುಕ್ತ ಪಾಠ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಪದ್ಧತಿಯ ಪ್ರಕಾರ ದೇಹದಲ್ಲಿ 'ಚೀ' ಎಂಬ ಚೈತನ್ಯ ಸದಾ ಹರಿಯುತ್ತಿರಬೇಕು. ಅದುಮಿಟ್ಟ ಸಿಟ್ಟು ಮತ್ತು ಅಸಮಾಧಾನದಿಂದ ಯಕೃತ್ತಿನ ಚೀ ಕಟ್ಟಿಕೊಳ್ಳುತ್ತದೆ, ಬಿಡದ ಯೋಚನೆಯಿಂದ ಗುಲ್ಮ ಸೊರಗಿ ಹಸಿವು ಕೆಡುತ್ತದೆ, ಹೃದಯದಲ್ಲಿ ನೆಲೆಸಿರುವ 'ಶೆನ್' ಎಂಬ ಮನಃಶಕ್ತಿ ಕದಡಿದರೆ ನಿದ್ದೆ ಹಾರಿಹೋಗುತ್ತದೆ. ಇಲ್ಲಿ ಹೇಳುವ ಯಕೃತ್ತು, ಗುಲ್ಮಗಳು ಶರೀರಶಾಸ್ತ್ರದ ಅಂಗಗಳಿಗೆ ನೇರವಾಗಿ ಹೊಂದುವುದಿಲ್ಲ, ಚೀಯನ್ನು ಆಧುನಿಕ ವಿಜ್ಞಾನ ಅಳೆದು ತೋರಿಸಿಯೂ ಇಲ್ಲ. ಆದರೂ ಲಕ್ಷಣಗಳನ್ನು ಗಮನಿಸುವ ಕ್ರಮವಾಗಿ ಇದು ಪ್ರಯೋಜನಕಾರಿ. ಆದ್ದರಿಂದ ಮೊದಲ ಒಂದು ವಾರ ಬೇರೇನನ್ನೂ ಮಾಡದೆ, ಆತಂಕ ಎಷ್ಟು ಹೊತ್ತಿಗೆ ಬಂತು, ದೇಹದ ಯಾವ ಭಾಗದಲ್ಲಿ ಕಾಣಿಸಿತು, ಅದಕ್ಕೆ ಮೊದಲು ಏನು ತಿಂದಿರಿ, ಹಿಂದಿನ ರಾತ್ರಿ ಎಷ್ಟು ನಿದ್ದೆಯಾಗಿತ್ತು ಎಂಬುದನ್ನು ಬರೆದಿಡಿ.

ಎರಡನೆಯ ವಾರದಿಂದ 'ನೇಯ್‌ಗ್ವಾನ್' ಎಂಬ ಬಿಂದುವನ್ನು ಒತ್ತುವ ಅಭ್ಯಾಸವನ್ನು ಆರಂಭಿಸಬಹುದು. ಅಂಗೈಯನ್ನು ಮೇಲ್ಮುಖವಾಗಿ ಹಿಡಿದು, ಮಣಿಕಟ್ಟಿನ ಗೆರೆಗೆ ತಾಗುವಂತೆ ಇನ್ನೊಂದು ಕೈಯ ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳುಗಳನ್ನು ಜೋಡಿಸಿ ಅಡ್ಡಲಾಗಿ ಇಡಿ. ಮುಷ್ಟಿಯನ್ನು ಮೆಲ್ಲಗೆ ಬಿಗಿದಾಗ ತಂತಿಗಳಂತೆ ಎದ್ದು ಕಾಣುವ ಎರಡು ಸ್ನಾಯುರಜ್ಜುಗಳ ನಡುವೆ, ಮೂರನೆಯ ಬೆರಳಿನ ಅಂಚು ಮುಗಿಯುವ ಕಡೆ ಈ ಬಿಂದು ಇದೆ. ಅಲ್ಲಿ ಹೆಬ್ಬೆರಳನ್ನಿಟ್ಟು ಹದವಾಗಿ ಒತ್ತುತ್ತಾ, ನಿಧಾನವಾಗಿ ಉಸಿರಾಡುತ್ತಾ ಒಂದೆರಡು ನಿಮಿಷ ಇರಿ. ಬಳಿಕ ಕೈ ಬದಲಿಸಿ. ಬೆರಳುಗಳಲ್ಲಿ ಜುಮ್ಮೆಂದರೆ ಒತ್ತುವುದನ್ನು ಸಡಿಲಿಸಬೇಕು, ಏಕೆಂದರೆ ಅಂಗೈಗೆ ಹೋಗುವ ಮುಖ್ಯ ನರವೊಂದು ಅದರ ಕೆಳಗೇ ಹಾದುಹೋಗುತ್ತದೆ. ಈ ಬಿಂದುವಿನ ಕುರಿತು ಹೆಚ್ಚಿನ ಅಧ್ಯಯನಗಳು ನಡೆದಿರುವುದು ವಾಕರಿಕೆಯ ವಿಷಯದಲ್ಲಿ. ಆತಂಕದ ವಿಷಯದಲ್ಲಿ ಪುರಾವೆ ಅಷ್ಟು ಗಟ್ಟಿಯಾಗಿಲ್ಲ ಎಂಬುದನ್ನೂ ಹೇಳಲೇಬೇಕು. ಹೀಗಿದ್ದರೂ ಖರ್ಚಿಲ್ಲದ, ಅಪಾಯವಿಲ್ಲದ ಈ ಅಭ್ಯಾಸ ಗಮನವನ್ನು ಯೋಚನೆಗಳಿಂದ ಬಿಡಿಸಿ ದೇಹದ ಕಡೆಗೆ ತರುತ್ತದೆ.

ಉಸಿರು ಮತ್ತು ಚಲನೆಯನ್ನು ಬೆಸೆಯುವ ಚಿಗಾಂಗ್ ಅಭ್ಯಾಸಗಳ ಮೇಲೆ ನನಗೆ ಇದಕ್ಕಿಂತ ಹೆಚ್ಚು ಭರವಸೆಯಿದೆ. ಅವುಗಳಲ್ಲಿ 'ಬಾದುವಾನ್‌ಜಿನ್' ಎಂಟು ಚಲನೆಗಳ ಸರಳ ಸರಣಿ. ಮೊದಲನೆಯ ಚಲನೆಯಲ್ಲಿ ಪಾದಗಳನ್ನು ಭುಜದಷ್ಟು ಅಗಲಿಸಿ ನಿಂತು, ಹೊಟ್ಟೆಯ ಮುಂದೆ ಬೆರಳುಗಳನ್ನು ಹೆಣೆದು, ಉಸಿರೆಳೆಯುತ್ತಾ ಕೈಗಳನ್ನು ಮೇಲೆತ್ತಿ, ಆಕಾಶವನ್ನು ಎತ್ತಿ ಹಿಡಿದಂತೆ ಅಂಗೈಗಳನ್ನು ಮೇಲಕ್ಕೆ ತಿರುಗಿಸಬೇಕು. ಕ್ಷಣಕಾಲ ನಿಂತು, ಉಸಿರು ಬಿಡುತ್ತಾ ಕೈಗಳನ್ನು ಇಳಿಸಬೇಕು. ಉಸಿರೆಳೆಯುವುದಕ್ಕಿಂತ ಬಿಡುವುದು ನಿಧಾನವಾಗಿರಲಿ, ಏಕೆಂದರೆ ನೀಳವಾದ ನಿಶ್ವಾಸ ಎದೆಬಡಿತವನ್ನು ತಗ್ಗಿಸುವ ನರವ್ಯೂಹವನ್ನು ಚುರುಕುಗೊಳಿಸುತ್ತದೆ. ಇದಲ್ಲದೆ ವಾರಕ್ಕೆ ಒಟ್ಟು 150 ನಿಮಿಷಗಳಷ್ಟು ಬಿರುಸಿನ ನಡಿಗೆಯೂ ಇರಲಿ.

ರಾತ್ರಿ 11 ಗಂಟೆಯೊಳಗೆ ಮಲಗಬೇಕೆಂಬುದು ಈ ಪದ್ಧತಿಯ ಹಳೆಯ ನಿಯಮ. ಗಂಟೆಗಿಂತಲೂ ಪ್ರತಿದಿನ ಒಂದೇ ಹೊತ್ತಿಗೆ ಮಲಗಿ ಏಳುವುದು ಮುಖ್ಯ. ಕುಡಿದ ಕಾಫಿಯ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕಾಗುವುದರಿಂದ ಮಧ್ಯಾಹ್ನದ ನಂತರ ಅದನ್ನು ಬಿಡುವುದು ಒಳಿತು. ಮಲಗುವ ಮುನ್ನ ಕಾಲುಗಳನ್ನು ಬೆಚ್ಚನೆಯ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳಬಹುದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರು ನೀರಿನ ಬಿಸಿಯನ್ನು ಬೇರೆಯವರಿಂದ ಪರೀಕ್ಷಿಸಿಕೊಳ್ಳಬೇಕು.

ಮೂಲಿಕೆಗಳನ್ನು ಕೊನೆಯಲ್ಲಿ ಹೇಳುತ್ತಿರುವುದು ಉದ್ದೇಶಪೂರ್ವಕವಾಗಿಯೇ. ಸಾಂಗ್ ರಾಜವಂಶದ ಕಾಲದಿಂದ ಬಳಕೆಯಲ್ಲಿರುವ 'ಷಿಯಾವ್ ಯಾವ್ ಸಾನ್' ಎಂಬ ಮೂಲಿಕೆಗಳ ಮಿಶ್ರಣವನ್ನು ಕಟ್ಟಿಕೊಂಡ ಚೀಯನ್ನು ಬಿಡಿಸಲು ಕೊಡುತ್ತಾರೆ. ಆದರೆ ಅದರಲ್ಲಿರುವ ಜ್ಯೇಷ್ಠಮಧು ಅತಿಯಾದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಅದರಲ್ಲೇ ಇರುವ ಡಾಂಗ್‌ಗುಯಿ ಎಂಬ ಬೇರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧಿಯನ್ನು ಸೇವಿಸುವವರಲ್ಲಿ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಹುದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಕೊಟ್ಟ ಮಾತ್ರೆಗಳಲ್ಲಿ ಒಂದು ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಎಂಬ ವಿಷಕಾರಿ ಸಸ್ಯ ಸೇರಿಹೋಗಿ ಅನೇಕ ಮಹಿಳೆಯರ ಮೂತ್ರಪಿಂಡಗಳೇ ಹಾಳಾದವು. ಆದ್ದರಿಂದ ತರಬೇತಿ ಪಡೆದ ವೈದ್ಯರ ಸಲಹೆಯಿಲ್ಲದೆ ಮೂಲಿಕೆಗಳನ್ನು ಕೊಳ್ಳಬೇಡಿ. ಗರ್ಭಿಣಿಯರು ಇವನ್ನು ತಾವಾಗಿ ಸೇವಿಸಲೇಬಾರದು. ಅಕ್ಯುಪಂಕ್ಚರ್ ಮಾಡಿಸುವುದಾದರೆ ಪ್ರತಿಬಾರಿಯೂ ಹೊಸ, ಮೊಹರು ಒಡೆಯದ ಸೂಜಿಯನ್ನೇ ಬಳಸುತ್ತಾರೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಆತಂಕಕ್ಕಾಗಲಿ ಖಿನ್ನತೆಗಾಗಲಿ ಈಗಾಗಲೇ ಔಷಧಿ ಸೇವಿಸುತ್ತಿರುವವರು ಅದನ್ನು ಹಠಾತ್ತನೆ ನಿಲ್ಲಿಸಬಾರದು. ಚಿಂತೆಯಿಂದ ನಿತ್ಯದ ಕೆಲಸಗಳೇ ನಿಂತುಹೋಗುತ್ತಿದ್ದರೆ ಮನೋವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ. ಬದುಕೇ ಬೇಡವೆನಿಸಿದರೆ ಅದೇ ದಿನ ನೆರವು ಕೇಳಿ. ಎದೆನೋವಿನ ಜೊತೆ ಬೆವರು, ಉಸಿರಾಟದ ತೊಂದರೆ ಕಾಣಿಸಿಕೊಂಡಾಗ ಆತಂಕವೆಂದು ಭಾವಿಸಿ ಬಿಂದುಗಳನ್ನು ಒತ್ತುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.