ಎಣ್ಣೆಗಿಂತ ಮೊದಲು ಮೂಗು: ಆತಂಕಕ್ಕೆ ಸುಗಂಧ ತೈಲ ಬಳಸುವ ಬಗೆ, ನನ್ನ ಅನುಭವ

ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ. ಹೊರಗೆ ಆಷಾಢದ ಮಳೆ, ಕಿಟಕಿ ಬಾಗಿಲು ಭದ್ರ. ಒಳಗೆ ಡಿಫ್ಯೂಸರಿನಲ್ಲಿ (ಎಣ್ಣೆ ಬೆರೆತ ನೀರನ್ನು ಮಂಜು ಮಾಡಿ ಹಾರಿಸುವ ಯಂತ್ರ) ಹದಿನೈದು ಹನಿ ಲ್ಯಾವೆಂಡರ್. ಅರ್ಧ ಗಂಟೆಗೆಲ್ಲ ತಲೆ ಭಾರ, ಹೊಟ್ಟೆ ತೊಳಸು, ಎದೆ ಡವಡವ. ಆತಂಕ ಇಳಿಸಿಕೊಳ್ಳಲು ಕೂತವರು ಹೆಚ್ಚಿಸಿಕೊಂಡು ಏಳುತ್ತಾರೆ. ಸುಗಂಧ ತೈಲ ‘ನನಗೆ ಆಗಿಬರಲಿಲ್ಲ’ ಎನ್ನುವವರಲ್ಲಿ ಬಹಳ ಜನರದ್ದು ಇದೇ ಕಥೆ. ಕೆಲವೇ ನಿಮಿಷದಲ್ಲಿ ಮೂಗು ವಾಸನೆಗೆ ಒಗ್ಗಿಬಿಡುತ್ತದೆ. ಎಣ್ಣೆ ಮುಗಿಯಿತೆಂದುಕೊಂಡು ಇನ್ನೆರಡು ಹನಿ, ಮತ್ತೆರಡು ಹನಿ ಸುರಿಯುತ್ತಾರೆ. ಮೂಗಿಗೆ ಗೊತ್ತಾಗದಿದ್ದರೂ ಶ್ವಾಸಕೋಶಕ್ಕೆ ಹೋಗುವುದು ಹೋಗುತ್ತಲೇ ಇರುತ್ತದೆ. ಇಂಥ ಕೋಣೆಗೆ ನಾನು ಹಾಕುವುದು ಮೂರೇ ಹನಿ. ಅರ್ಧ ಗಂಟೆ ಇಟ್ಟು, ಒಂದು ಗಂಟೆ ನಿಲ್ಲಿಸುತ್ತೇನೆ. ಒಂದು ಕಿಟಕಿ ಬೆರಳಗಲ ತೆರೆದೇ ಇರಬೇಕು.

ಎರಡನೆಯ ತಪ್ಪು ಎಣ್ಣೆ ಆರಿಸುವಾಗ ಆಗುವಂಥದ್ದು. ಆತಂಕಕ್ಕೆ ಲ್ಯಾವೆಂಡರ್ ಎಂದು ಎಲ್ಲ ಪಟ್ಟಿಗಳೂ ಹೇಳುತ್ತವೆ. ಪಟ್ಟಿ ಸುಳ್ಳಲ್ಲ, ಆದರೆ ಅದಕ್ಕೆ ನಿಮ್ಮ ಮೂಗಿನ ಪರಿಚಯವಿಲ್ಲ. ವಾಸನೆಯ ನರಗಳು ಮಿದುಳಿನಲ್ಲಿ ಭಯ ಮತ್ತು ನೆನಪಿನ ಕೇಂದ್ರಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಹೋಗುತ್ತವೆ. ಹಾಗಾಗಿ ಒಂದು ವಾಸನೆ ಸಮಾಧಾನ ಕೊಡುತ್ತದೋ ಕಿರಿಕಿರಿ ಮಾಡುತ್ತದೋ ಎನ್ನುವುದು ಅದರ ರಸಾಯನದಷ್ಟೇ ಹಳೆಯ ನೆನಪಿನ ಮೇಲೂ ನಿಂತಿದೆ. ಕಾರವಾರ, ಅಂಕೋಲೆಯ ಕಡೆ ಲ್ಯಾವೆಂಡರ್ ಮೂಸಿದವರು ‘ಬಾತ್‌ರೂಮಿನ ವಾಸನೆ’ ಎಂದು ಮುಖ ತಿರುಗಿಸುವುದು ಹೊಸತಲ್ಲ. ರೂಮ್ ಫ್ರೆಶ್‌ನರ್‌ಗಳು ಆ ಕೆಲಸ ಮಾಡಿಟ್ಟಿವೆ. ಅವರಿಗೇ ಲಾವಂಚ ಕೊಟ್ಟರೆ ಭುಜ ಸಡಿಲಾಗುತ್ತದೆ. ಬೇಸಿಗೆಯಲ್ಲಿ ಲಾವಂಚದ ಬೇರು ಹಾಕಿಟ್ಟ ಮಣ್ಣಿನ ಹೂಜಿಯ ನೀರು ಕುಡಿದು ಬೆಳೆದವರ ಮೂಗಿಗೆ ಅದು ತಂಪಿನ ವಾಸನೆ.

ಅದಕ್ಕೇ ಮೊದಲ ದಿನ ಎಣ್ಣೆಯನ್ನು ಮೈಗೆ ಮುಟ್ಟಿಸುವುದಿಲ್ಲ. ಬಿಳಿ ಕಾಗದವನ್ನು ಬೆರಳಗಲ ಪಟ್ಟಿಗಳಾಗಿ ಕತ್ತರಿಸಿ, ತುದಿಗೆ ಒಂದೊಂದು ಹನಿ: ಲಾವಂಚ, ಲ್ಯಾವೆಂಡರ್, ಬೆರ್ಗಮಾಟ್ (ಒಂದು ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ), ಶ್ರೀಗಂಧ ಸಿಕ್ಕರೆ ಅದು. ಹೆಸರು ಹೇಳದೆ ಒಂದು ಗೇಣು ದೂರದಿಂದ ಮೂಸಬೇಕು, ನಡುನಡುವೆ ಎರಡು ನಿಮಿಷ ಬಿಡುವು. ನಾಲ್ಕಕ್ಕಿಂತ ಹೆಚ್ಚು ಒಂದೇ ದಿನ ಬೇಡ, ಮೂಗು ಗೊಂದಲಕ್ಕೆ ಬೀಳುತ್ತದೆ. ತಾನಾಗಿ ಉದ್ದನೆಯ ಉಸಿರು ಯಾವುದಕ್ಕೆ ಬಂತೋ ಅದು ನಿಮ್ಮ ಎಣ್ಣೆ.

ಮಜ್ಜಿಗೆಹುಲ್ಲನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಶಿರಸಿ, ಸಿದ್ದಾಪುರದ ಹಿತ್ತಲಲ್ಲಿ ಧಾರಾಳವಾಗಿ ಬೆಳೆಯುತ್ತದೆ, ಭಟ್ಟಿ ಇಳಿಸಿದ ಎಣ್ಣೆಯೂ ಅಗ್ಗ. ಆದರೆ ಅದರ ಮುಕ್ಕಾಲು ಪಾಲು ಸಿಟ್ರಾಲ್, ಅಂದರೆ ನಿಂಬೆಯಂಥ ವಾಸನೆ ಕೊಡುವ ರಾಸಾಯನಿಕ. ಮನಸ್ಸನ್ನು ಎಬ್ಬಿಸುವ ವಾಸನೆ, ಮಲಗಿಸುವುದಲ್ಲ. ಚರ್ಮಕ್ಕೂ ಒರಟು: ಪ್ರತಿಶತ 0.7 ದಾಟಬಾರದು, ಅಂದರೆ 30 ಮಿಲಿ ಎಣ್ಣೆಗೆ ನಾಲ್ಕು ಹನಿ. ದಾಲ್ಚಿನ್ನಿ ಎಣ್ಣೆ ಇನ್ನೂ ಉರಿ, ಅದನ್ನು ಮೈಗೆ ಹಚ್ಚುವ ಮಾತೇ ಬೇಡ. ಮಲ್ಲಿಗೆಯದ್ದು ಬೇರೆ ತಕರಾರು. ಅದರ ಪರಿಮಳ ಹಬೆಯ ಭಟ್ಟಿಗೆ ಒಗ್ಗುವುದಿಲ್ಲ, ದ್ರಾವಕ ಬಳಸಿ ತೆಗೆಯಬೇಕು, ಬೆಲೆ ವಿಪರೀತ. ಲ್ಯಾವೆಂಡರಿನ ದರಕ್ಕೇ ‘ಶುದ್ಧ ಮಲ್ಲಿಗೆ ಎಣ್ಣೆ’ ಸಿಕ್ಕರೆ ಅದು ಕೃತಕ. ಭಟ್ಕಳದ ಮಲ್ಲಿಗೆ ಸಿಗುವ ಜಿಲ್ಲೆಯಲ್ಲಿ ಕುಳಿತು ಆ ಬಾಟಲಿ ಕೊಳ್ಳುವುದೇಕೆ? ಸಂಜೆ ಒಂದು ಮೊಳ ದಂಡೆಯನ್ನು ದಿಂಬಿನ ಪಕ್ಕ ಇಟ್ಟರಾಯಿತು. ಫೆಬ್ರವರಿ, ಮಾರ್ಚಿನಲ್ಲಿ ಸುರಗಿ ಬರುತ್ತದೆ. ಒಣಗಿದ ಮೇಲೂ ಪರಿಮಳ ಬಿಡದ ಹೂವು. ನೆರಳಲ್ಲಿ ಒಣಗಿಸಿ ತೆಳು ಬಟ್ಟೆಯ ಚೀಲಕ್ಕೆ ಕಟ್ಟಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಲಾವಂಚದ ಒಣ ಬೇರೂ ಹಾಗೇ: ಒಂದು ಹಿಡಿ ಬೇರನ್ನು ಗೇಣುದ್ದ ಕತ್ತರಿಸಿ ಬಟ್ಟೆಯಲ್ಲಿ ಸುತ್ತಿ, ಬೇಸಿಗೆಯಲ್ಲಿ ಮಲಗುವ ಮುನ್ನ ನೀರು ಚಿಮುಕಿಸಿದರೆ ಸಾಕು. ಮಳೆಗಾಲದಲ್ಲಿ ಮಾತ್ರ ಒದ್ದೆ ಮಾಡಬಾರದು. ಬೂಷ್ಟು ಬಂದು ಕಪ್ಪು ಚುಕ್ಕೆ ಕಂಡರೆ ಎಸೆಯಿರಿ, ಅದನ್ನು ಮೂಸುವುದು ಉಬ್ಬಸಕ್ಕೆ ದಾರಿ.

ಕಿಸೆಯಲ್ಲಿಟ್ಟುಕೊಳ್ಳುವ ರೋಲ್-ಆನ್ (ಮೂತಿಯಲ್ಲಿ ಉರುಳುವ ಗುಂಡು ಇರುವ ಬಾಟಲಿ) ಮಾಡುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚು ಕೆಡುವುದು ಇಲ್ಲೇ. 10 ಮಿಲಿಯ ಕಂದು ಗಾಜಿನ ಬಾಟಲಿ ಬೇಕು. ದೊಡ್ಡವರ ಮೈಗೆ ನಾನು ಹಿಡಿಯುವ ಲೆಕ್ಕ ಪ್ರತಿಶತ 2, ಅಂದರೆ 10 ಮಿಲಿಯಲ್ಲಿ 0.2 ಮಿಲಿ. ‘1 ಮಿಲಿಗೆ 20 ಹನಿ’ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ, ಅದನ್ನು ನಂಬಬೇಡಿ. ಬಾಟಲಿಯ ಮೂತಿ ಬದಲಾದರೆ ಹನಿಯ ಗಾತ್ರವೂ ಬದಲು. ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ 1 ಮಿಲಿ ಸಿರಿಂಜ್ ತಂದು, ಅದರೊಳಗೆ ಹನಿ ಬೀಳಿಸಿ ಎಷ್ಟಕ್ಕೆ 1 ಮಿಲಿ ತುಂಬುತ್ತದೆಂದು ಒಮ್ಮೆ ಎಣಿಸಿ, ಬಾಟಲಿಯ ಮೇಲೆ ಬರೆದಿಡಿ. 25 ಬಂತೆಂದರೆ ನಿಮ್ಮ ಪ್ರತಿಶತ 2 ಎಂದರೆ 5 ಹನಿ. ಸಿರಿಂಜಿನ ರಬ್ಬರ್ ಎಣ್ಣೆಗೆ ಉಬ್ಬುತ್ತದೆ, ಮರುಬಳಕೆ ಬೇಡ.

ಲಾವಂಚದ ಎಣ್ಣೆ ಈ ಎಣಿಕೆಗೆ ಬಗ್ಗುವುದಿಲ್ಲ. ಜೋನಿಬೆಲ್ಲದ ಹಾಗೆ ದಪ್ಪ. ಬಾಟಲಿ ಬೋರಲು ಹಿಡಿದರೆ ಹನಿ ಮೂತಿಗೆ ಬಂದು ಜೋತಾಡುತ್ತ ನಿಂತಿರುತ್ತದೆ. ತಾಳ್ಮೆಗೆಟ್ಟು ಕುಟ್ಟಿದರೆ ಎರಡು ದಪ್ಪ ಹನಿ ಒಟ್ಟಿಗೆ ಬಿದ್ದು ಇಡೀ ಬಾಟಲಿಯ ಮಣ್ಣುವಾಸನೆ ಉಳಿದದ್ದನ್ನೆಲ್ಲ ನುಂಗುತ್ತದೆ. ಬಾಟಲಿಯನ್ನು ಐದು ನಿಮಿಷ ಬಿಸಿನೀರಿನ ಲೋಟದಲ್ಲಿ ನಿಲ್ಲಿಸಿ, 1 ಮಿಲಿಯನ್ನು 9 ಮಿಲಿ ಎಳ್ಳೆಣ್ಣೆಗೆ ಬೆರೆಸಿ ಬೇರೆ ಬಾಟಲಿಯಲ್ಲಿ ಇಟ್ಟುಕೊಂಡುಬಿಡಿ. ಮುಂದೆ ಹನಿಸುವುದೆಲ್ಲ ಈ ತೆಳು ಎಣ್ಣೆಯನ್ನೇ.

ನನ್ನ ರೂಢಿಯ ಮಿಶ್ರಣ: ಲ್ಯಾವೆಂಡರ್ 4 ಹನಿ, ಬೆರ್ಗಮಾಟ್ 1, ತೆಳು ಮಾಡಿದ ಲಾವಂಚ 5. ಲ್ಯಾವೆಂಡರ್ ಸೇರದವರಿಗೆ ಅದನ್ನು ಬಿಟ್ಟು ಲಾವಂಚ 15. ಅರ್ಧ ಬಾಟಲಿ ಕ್ಯಾರಿಯರ್ ಎಣ್ಣೆ (ಸುಗಂಧ ತೈಲವನ್ನು ತೆಳು ಮಾಡುವ ಸಾದಾ ಎಣ್ಣೆ) ಹಾಕಿ, ಹನಿಗಳನ್ನು ಬೀಳಿಸಿ, ಕುತ್ತಿಗೆಯವರೆಗೆ ತುಂಬಿಸಿ. ಗುಂಡು ಒತ್ತಿ ಕೂರಿಸಿ, ಅಂಗೈಗಳ ನಡುವೆ ಹೊರಳಿಸಿ ಒಂದು ರಾತ್ರಿ ಬಿಡಿ. ಬೆರ್ಗಮಾಟ್ ಕೊಳ್ಳುವಾಗ ‘ಎಫ್‌ಸಿಎಫ್’ ಎಂದು ಬರೆದದ್ದೇ ಇರಲಿ. ಬಿಸಿಲು ತಾಗಿದಾಗ ಚರ್ಮ ಸುಡುವ ಅಂಶವನ್ನು ಅದರಲ್ಲಿ ತೆಗೆದಿರುತ್ತಾರೆ. ಮಾಮೂಲಿ ಬೆರ್ಗಮಾಟ್ ಪ್ರತಿಶತ 0.4 ಮೀರಿ ಹಚ್ಚಿಕೊಂಡು ನಮ್ಮ ಏಪ್ರಿಲ್ ಬಿಸಿಲಿಗೆ ಹೋದರೆ ಗುಳ್ಳೆಯೆದ್ದು ಕಪ್ಪು ಕಲೆ ಉಳಿಯುತ್ತದೆ.

ಕ್ಯಾರಿಯರ್ ಎಣ್ಣೆ ಎಂದಾಗ ನಮ್ಮವರ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಗೆ. ಅದು 24 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತದೆ. ಘಟ್ಟದ ಮೇಲೆ ಡಿಸೆಂಬರ್, ಜನವರಿಯ ಬೆಳಿಗ್ಗೆ ರೋಲ್-ಆನ್ ಗುಂಡು ಅಲ್ಲಾಡುವುದಿಲ್ಲ. ಘಟ್ಟದ ಕೆಳಗೂ ಕೆಲವು ಮುಂಜಾವುಗಳಲ್ಲಿ ಇದೇ ಪಾಡು. ಜೊತೆಗೆ ಗಾಣದ ಕೊಬ್ಬರಿ ಎಣ್ಣೆಯ ಸ್ವಂತ ವಾಸನೆ ಲ್ಯಾವೆಂಡರನ್ನು ಮುಚ್ಚುತ್ತದೆ. ಹುರಿಯದ ಎಳ್ಳಿನ ಎಣ್ಣೆ, ಇಲ್ಲವೇ ಗಟ್ಟಿಯಾಗುವ ಕೊಬ್ಬು ತೆಗೆದ ಫ್ರಾಕ್ಷನೇಟೆಡ್ ಕೊಬ್ಬರಿ ಎಣ್ಣೆ ಒಳ್ಳೆಯದು. ಮಾಡಿದ್ದನ್ನು ಮೊದಲು ಮೊಣಕೈ ಒಳಮಡಿಕೆಗೆ ಒಂದು ಹನಿ ಹಚ್ಚಿ 24 ಗಂಟೆ ನೋಡಿ. ಕೆಂಪಾದರೆ, ತುರಿಸಿದರೆ ಸೋಪು ಹಾಕಿ ತೊಳೆದು ಆ ಮಿಶ್ರಣ ಬಿಟ್ಟುಬಿಡಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ವೈದ್ಯರಲ್ಲಿಗೆ.

ಇನ್ನು ಹಚ್ಚಿಕೊಂಡು ಮಾಡುವುದೇನು? ಮಣಿಕಟ್ಟಿನ ಒಳಭಾಗಕ್ಕೆ ಒಂದು ಗೆರೆ ಎಳೆದು, ಮೂಗಿನಿಂದ ಗೇಣು ದೂರ ಹಿಡಿದು, ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡುವುದು. ಐದು ನಿಮಿಷ. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಕೆಲಸದ ದೊಡ್ಡ ಪಾಲು ಇದರದ್ದೇ, ಎಣ್ಣೆ ಇದಕ್ಕೆ ಗುರುತು. ಗುರುತು ಗಟ್ಟಿಯಾಗಬೇಕಾದರೆ ಮೊದಲ ಎರಡು ವಾರ ಮನಸ್ಸು ನೆಟ್ಟಗಿರುವ ಹೊತ್ತಲ್ಲೇ, ದಿನಾ ಒಂದೇ ಸಮಯಕ್ಕೆ ಮಾಡಬೇಕು. ಗಾಬರಿಯ ನಡುವೆ ಮೊದಲ ಸಲ ಮೂಸಿದರೆ ಆ ವಾಸನೆ ಗಾಬರಿಯ ಜೊತೆಗೇ ಗಂಟು ಬೀಳುತ್ತದೆ, ಆಮೇಲೆ ಬಾಟಲಿ ತೆರೆದರೇ ಎದೆ ಹಾರುತ್ತದೆ. ಇದನ್ನು ಹೇಳದೆ ಎಣ್ಣೆ ಮಾರುವವರ ಮೇಲೆ ನನಗೆ ಸಿಟ್ಟಿದೆ. ಸಂಶೋಧನೆಯ ವಿಷಯಕ್ಕೆ ಬಂದರೆ, ಮೂಸುವ ಲ್ಯಾವೆಂಡರಿನ ಪ್ರಯೋಗಗಳು ಬಹುಪಾಲು ಚಿಕ್ಕವು. ಯಾರಿಗೆ ಎಣ್ಣೆ ಕೊಟ್ಟೆವು, ಯಾರಿಗೆ ಬರೀ ನೀರು ಕೊಟ್ಟೆವು ಎಂಬುದು ವಾಸನೆಯಿಂದಲೇ ಬಯಲಾಗುತ್ತದೆ. ಜರ್ಮನಿಯಲ್ಲಿ ಆತಂಕಕ್ಕೆ ಕೊಡುವ 80 ಮಿಲಿಗ್ರಾಂನ ಲ್ಯಾವೆಂಡರ್ ಕ್ಯಾಪ್ಸೂಲ್ ಬೇರೆಯೇ ವಸ್ತು. ಅದನ್ನು ಕೇಳಿ ಬಾಟಲಿಯ ಎಣ್ಣೆಯನ್ನು ಚಹಾಕ್ಕೆ ಹನಿಸಬೇಡಿ.

ಡಿಫ್ಯೂಸರ್ ಬಗ್ಗೆ ನನಗೆ ಅರೆಮನಸ್ಸು. ನೀರನ್ನು ಮಂಜು ಮಾಡಿ ಹಾರಿಸುವ ಯಂತ್ರವನ್ನು, ಬಟ್ಟೆಯೇ ಒಣಗದ ಜುಲೈ ತಿಂಗಳಲ್ಲಿ, ಗೋಡೆ ಬೆವರುವ ಮನೆಯಲ್ಲಿ ಇಡುವುದರಲ್ಲಿ ಅರ್ಥವಿಲ್ಲ. ನವೆಂಬರಿನಿಂದ ಮೇ ತನಕ ಅಡ್ಡಿಯಿಲ್ಲ: 100 ಮಿಲಿ ನೀರು, 3 ಹನಿ. ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಪಕ್ಕದ ಬಾವಿಯ ಉಪ್ಪುನೀರು ಹಾಕಿದರೆ ತಳದ ಬಿಲ್ಲೆಯ ಮೇಲೆ ಬಿಳಿ ಪದರ ಕಟ್ಟಿ ಮಂಜು ಏಳುವುದು ನಿಲ್ಲುತ್ತದೆ. ಕುದಿಸಿದ ನೀರೂ ಆಗದು, ಕುದಿಸಿದರೆ ಉಪ್ಪು ಹೋಗುವುದಿಲ್ಲ. ಆರ್‌ಒ ನೀರು ಬಳಸಿ. ಲಾವಂಚ, ಶ್ರೀಗಂಧದಂಥ ದಪ್ಪ ಎಣ್ಣೆ ಬಿಲ್ಲೆಗೆ ಅಂಟಿಕೊಳ್ಳುತ್ತದೆ, ಅವನ್ನು ಇದಕ್ಕೆ ಹಾಕುವುದೇ ಇಲ್ಲ. ವಾರಕ್ಕೊಮ್ಮೆ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ಬಿಟ್ಟು, ಹತ್ತಿಯಿಂದ ಬಿಲ್ಲೆ ಒರೆಸಿ.

ಮಳೆಗಾಲಕ್ಕೆ ಮಣ್ಣಿನ ಹಣತೆ. ದೀಪ ಹಚ್ಚುವುದಲ್ಲ, ಬರಿದೇ. ಬಣ್ಣ ಬಳಿಯದ ಹೊಸ ಹಣತೆಯನ್ನು ಒಲೆಯ ಬದಿಗೆ ಒಂದು ದಿನ ಇಟ್ಟು ತೇವ ಆರಿಸಿ, ಎರಡು ಹನಿ ಬಿಟ್ಟು ಹಾಸಿಗೆಯಿಂದ ಎರಡಡಿ ದೂರ ಇಟ್ಟರೆ ಮಣ್ಣು ಎಣ್ಣೆಯನ್ನು ಕುಡಿದು ನಿಧಾನ ಬಿಡುತ್ತದೆ. ಕರೆಂಟು ಹೋದರೂ ಚಿಂತೆಯಿಲ್ಲ. ಒಂದು ಎಣ್ಣೆಗೆ ಒಂದೇ ಹಣತೆ, ಹಳೆಯ ವಾಸನೆ ತೊಳೆದರೂ ಹೋಗುವುದಿಲ್ಲ. ಮೇಲೆ ಬಟ್ಟಲು, ಕೆಳಗೆ ಮೇಣದ ಬತ್ತಿ ಇರುವ ಬರ್ನರಿನಲ್ಲಿ ನೀರು ಆರಿದ್ದು ಗೊತ್ತಾಗದೆ ಎಣ್ಣೆ ಸುಟ್ಟು ಘಾಟು ಬರುತ್ತದೆ. ಮಲಗುವ ಕೋಣೆಗಂತೂ ಅದು ಬೇಡ.

ಬಚ್ಚಲಿನ ಹಂಡೆಗೆ ನಾಲ್ಕು ಹನಿ ಬಿಡುವವರಿದ್ದಾರೆ. ಎಣ್ಣೆ ನೀರಿನಲ್ಲಿ ಕರಗದೆ ಮೇಲೆ ತೇಲುತ್ತದೆ, ಮೊದಲ ತಂಬಿಗೆಯಲ್ಲೇ ಅಷ್ಟೂ ಬಂದು ಹಸಿಯಾಗಿ ಹೆಗಲ ಮೇಲೆ ಬೀಳುತ್ತದೆ, ಚರ್ಮ ಉರಿಯುತ್ತದೆ. ಕಾಲು ನೆನೆಸುವುದು ಸುರಕ್ಷಿತ: ಬೋಗುಣಿಯಲ್ಲಿ ನಾಲ್ಕೈದು ಲೀಟರ್ ಉಗುರುಬಿಸಿ ನೀರು, ಒಂದು ದೊಡ್ಡ ಚಮಚ ಎಳ್ಳೆಣ್ಣೆಗೆ ಮೂರು ಹನಿ ಬೆರೆಸಿ ಅದಕ್ಕೆ ಹಾಕಿ, 15 ನಿಮಿಷ. ಏಳುವ ಮುನ್ನ ಪಾದ ಒರೆಸಿಕೊಳ್ಳಿ, ನೆಲ ಜಾರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ಕಡಿಮೆಯಾದವರು ನೀರಿನ ಬಿಸಿಯನ್ನು ಬೇರೆಯವರಿಂದ ನೋಡಿಸಿಕೊಳ್ಳಬೇಕು.

ಉಬ್ಬಸ ಇರುವವರ ಕೋಣೆಯಲ್ಲಿ ಯಾವುದನ್ನೂ ಹಾರಿಸುವುದಿಲ್ಲ. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ನೀಲಗಿರಿ, ಕರ್ಪೂರದ ಎಣ್ಣೆಯನ್ನು ಎಳೆಯ ಮಕ್ಕಳ ಮೂಗಿನ ಬಳಿ ತರಬಾರದು, ಫಿಟ್ಸ್ ಇರುವವರೂ ದೂರ ಇಡಬೇಕು. ಬೆಕ್ಕು ಸಾಕಿದ ಮನೆಯಲ್ಲಿ ಟೀ ಟ್ರೀ ಎಣ್ಣೆ ಬೇಡ, ಬೆಕ್ಕಿನ ಯಕೃತ್ತಿಗೆ (ಲಿವರ್) ಇದನ್ನು ಅರಗಿಸುವ ಶಕ್ತಿ ಸಾಲದು. ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರು ಗಾಡಿ ಓಡಿಸಿಕೊಂಡು ದೇವಿಮನೆ ಘಟ್ಟ ಇಳಿಯುವ ಮುನ್ನ ಹೊಸ ಮಿಶ್ರಣ ಪರೀಕ್ಷಿಸುವುದು ಬೇಡ. ವೈದ್ಯರು ಕೊಟ್ಟ ಮಾತ್ರೆಯನ್ನು ಎಣ್ಣೆ ನಂಬಿ ನಿಲ್ಲಿಸಬಾರದು. ಎದೆನೋವು ಬಂದರೆ ಅದು ಆತಂಕವೋ ಹೃದಯವೋ ಎಂದು ಆಸ್ಪತ್ರೆಯಲ್ಲಿ ತೀರ್ಮಾನವಾಗಲಿ. ವಾರಗಟ್ಟಲೆ ನಿದ್ದೆಯಿಲ್ಲ, ಬದುಕು ಬೇಡ ಅನ್ನಿಸುತ್ತಿದೆ ಎಂದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಮಗೆ ಹತ್ತಿರ.

ಕೊಳ್ಳುವಾಗ ಲೇಬಲ್ ಮೇಲೆ ಸಸ್ಯದ ಪೂರ್ತಿ ಹೆಸರು ಇರಬೇಕು: ಲ್ಯಾವಂಡುಲಾ ಅಂಗುಸ್ಟಿಫೋಲಿಯಾ. ಬರೀ ‘ಲ್ಯಾವೆಂಡರ್’ ಎಂದಿದ್ದರೆ ಅದು ಕರ್ಪೂರದಂಶ ಹೆಚ್ಚಿರುವ ಲ್ಯಾವೆಂಡಿನ್ ಎಂಬ ಮಿಶ್ರತಳಿಯದ್ದಾಗಿರಬಹುದು. ಅಗ್ಗ, ಚುರುಕು ವಾಸನೆ, ನಿದ್ದೆಗೆ ಸಲ್ಲದು. ನಮ್ಮ ಮಳೆಗೆ ಲ್ಯಾವೆಂಡರ್ ಬದುಕುವುದಿಲ್ಲ, ಆದರೆ ಜಮ್ಮುವಿನ ಭದೇರ್ವಾದಲ್ಲಿ ಬೆಳೆದದ್ದು ಈಗ ಸಿಗುತ್ತದೆ. ಕಾಗದಕ್ಕೆ ಹನಿ ಬಿಟ್ಟು ಮರುದಿನ ನೋಡಿ. ಲ್ಯಾವೆಂಡರ್ ಆರಿಹೋಗಬೇಕು, ಜಿಡ್ಡಿನ ಕಲೆ ಉಳಿದರೆ ಬೇರೆ ಎಣ್ಣೆ ಬೆರೆತಿದೆ. ಲಾವಂಚಕ್ಕೆ ಈ ಪರೀಕ್ಷೆ ನಡೆಯದು, ಅದು ಆರುವುದೇ ನಿಧಾನ.

ಬಾಟಲಿ ತೆರೆದ ದಿನಾಂಕ ಬರೆದು ಫ್ರಿಜ್ಜಿನ ಬಾಗಿಲಲ್ಲಿ ಇಡಿ. ಹೊರತೆಗೆದ ತಕ್ಷಣ ಮುಚ್ಚಳ ಬಿಚ್ಚಿದರೆ ನಮ್ಮ ತೇವದ ಗಾಳಿ ಒಳಗೆ ನೀರಾಗಿ ಇಳಿಯುತ್ತದೆ, ಹತ್ತು ನಿಮಿಷ ಕಾಯಬೇಕು. ಬೆರ್ಗಮಾಟ್ ಒಂದು ವರ್ಷ, ಲ್ಯಾವೆಂಡರ್ ಎರಡು. ಲಾವಂಚ ಹಳತಾದಷ್ಟೂ ಮಾಗುತ್ತದೆ. ಗಾಳಿಗೆ ಕೆಟ್ಟ ಲ್ಯಾವೆಂಡರ್ ಚರ್ಮಕ್ಕೆ ಅಲರ್ಜಿ ತರುವುದರಿಂದ ಅವಧಿ ಮೀರಿದ್ದನ್ನು ನಾನು ಮೈಗೆ ಬಳಸುವುದಿಲ್ಲ, ಸೋಪಿನ ಪುಡಿಯಲ್ಲಿ ಐದು ಹನಿ ಕಲಸಿ ನೆಲ ಒರೆಸುವ ಬಾಲ್ದಿಗೆ ಹಾಕುತ್ತೇನೆ.