ಖಾಲಿ ಚುಕ್ಕೆಯಲ್ಲೂ ಬೆಳಕು ಕಂಡಾಗ

ತೆಳು ಪದರದ ಸಿಲಿಕಾನ್ ಫೋಟೋಡಯೋಡ್ (ಬೆಳಕು ಬಿದ್ದರೆ ಕರೆಂಟು ಕೊಡುವ ಸಾಧನ) ಬಳಸಿ ಒಂದು ಪ್ರೋಟೀನನ್ನು ಪತ್ತೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸೋಲಾರ್ ಕ್ಯಾಲ್ಕುಲೇಟರ್‌ಗಳಲ್ಲಿ ಇರುತ್ತದಲ್ವಾ, ಅದೇ ಅಮಾರ್ಫಸ್ ಸಿಲಿಕಾನ್. ಸಿಲೇನ್ ಅನಿಲದ ಪ್ಲಾಸ್ಮಾದಿಂದ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇದನ್ನು ಕೂರಿಸಬಹುದು. ಹಾಗಾಗಿ ಗಾಜಿನ ತುಂಡು ಸಾಕು. ಗಾಜಿನ ಒಂದು ಬದಿಗೆ ಡಯೋಡ್‌ಗಳು, ಇನ್ನೊಂದು ಬದಿಗೆ ಆ ಪ್ರೋಟೀನನ್ನು ಹಿಡಿದುಕೊಳ್ಳುವ ಆ್ಯಂಟಿಬಾಡಿಯ ಚುಕ್ಕೆಗಳು.

ಮೊದಲು ಫ್ಲೋರೊಸೆನ್ಸ್ ಬಣ್ಣ ಬಳಸಿ ನೋಡಿದೆ. ಬಣ್ಣ ಹೊಳೆಯಲು ಹೊರಗಿನಿಂದ ಬೆಳಕು ಬಿಡಬೇಕು. ಆ ಬೆಳಕೇ ಡಯೋಡ್‌ಗೆ ನುಗ್ಗಿ ನಮಗೆ ಬೇಕಾದ ಮಿಣುಕನ್ನು ಮುಳುಗಿಸಿಬಿಡುತ್ತದೆ. ಒಳ್ಳೆಯ ಫಿಲ್ಟರ್ ಇಲ್ಲದೆ ಆಗದು. ಅದನ್ನು ಬಿಟ್ಟು, ರಾಸಾಯನಿಕ ಕ್ರಿಯೆಯಿಂದಲೇ ಬೆಳಕು ಕೊಡುವ ಲ್ಯುಮಿನಾಲ್‌ಗೆ ಬಂದೆ. ಚುಕ್ಕೆ ಹಿಡಿದ ಪ್ರೋಟೀನಿಗೆ ಬಂದು ಕೂರುವ ಇನ್ನೊಂದು ಆ್ಯಂಟಿಬಾಡಿ ಇರುತ್ತದೆ, ಅದು ಗುರುತಿನದು. ಅದಕ್ಕೆ ಪೆರಾಕ್ಸಿಡೇಸ್ ಕಿಣ್ವ ಅಂಟಿಸಿರುತ್ತೇವೆ. ಲ್ಯುಮಿನಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ, ಕಿಣ್ವ ಇರುವ ಕಡೆ 425 ನ್ಯಾನೊಮೀಟರ್ ಸುತ್ತಮುತ್ತ ನೀಲಿ ಬೆಳಕು ಹುಟ್ಟುತ್ತದೆ. ದೀಪವೂ ಬೇಡ, ಫಿಲ್ಟರೂ ಬೇಡ. ಈ ಡಯೋಡ್ ಚೆನ್ನಾಗಿ ನೋಡುವುದು ಹಸಿರಿನ ಆಸುಪಾಸು. ಆದರೂ ನೀಲಿಯಲ್ಲಿ ನನ್ನ ಕೆಲಸಕ್ಕೆ ಸಾಕಾಗುವಷ್ಟು ಕಂಡಿತು.

ಅಳೆಯಬೇಕಾಗಿದ್ದದ್ದು ಪಿಕೊಆ್ಯಂಪಿಯರ್ (ಆ್ಯಂಪಿಯರ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಲೆಕ್ಕದ ಕರೆಂಟು. ಡಯೋಡ್‌ಗೆ ವೋಲ್ಟೇಜ್ ಕೊಡದೆ, ಸೊನ್ನೆಯಲ್ಲೇ ಇಟ್ಟು ಅಳೆದೆ. ಹಾಗೆ ಮಾಡಿದರೆ ಕತ್ತಲಲ್ಲಿ ಸೋರುವ ಕರೆಂಟು ತೀರಾ ಕಡಿಮೆ. ಗಾಜನ್ನು ಇಟ್ಟ ಕತ್ತಲ ಪೆಟ್ಟಿಗೆ ಮುಚ್ಚಿದ ತಕ್ಷಣ ಓದಬಾರದು ಅನ್ನುವುದನ್ನು ಬೇಗ ಕಲಿತೆ. ಕೋಣೆಯ ಬೆಳಕು ಬಿದ್ದಾಗ ಪದರದೊಳಗೆ ಸಿಕ್ಕಿಕೊಂಡ ಚಾರ್ಜು ನಿಧಾನವಾಗಿ ಬಿಡುಗಡೆಯಾಗುತ್ತದೆ. ಸುಮ್ನೆ ಕೂತು ಕಾಯಬೇಕು. ಕೇಬಲ್ಲನ್ನೂ ಮುಟ್ಟುವಂತಿಲ್ಲ.

ಇಷ್ಟೆಲ್ಲ ಸರಿಹೋದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಪ್ರೋಟೀನ್ ಇಲ್ಲದ ಚುಕ್ಕೆಯೂ ಬೆಳಕು ತೋರಿಸುತ್ತಿತ್ತು! ಗುರುತಿನ ಆ್ಯಂಟಿಬಾಡಿ ಗಾಜಿಗೇ ಅಂಟಿಕೊಳ್ಳುತ್ತಿದೆ ಅಂದುಕೊಂಡೆ. ಈ ಕೆಲಸ ಮಾಡುವ ಯಾರಿಗೂ ಮೊದಲು ಬರುವ ಅನುಮಾನ ಅದೇ. ಬಿಎಸ್‌ಎ (ಖಾಲಿ ಜಾಗಕ್ಕೆ ಬೇರೇನೂ ಅಂಟದಂತೆ ತಡೆಯುವ ಪ್ರೋಟೀನ್) ಹಾಕಿ ಗಾಜನ್ನು ಇನ್ನೂ ಹೆಚ್ಚು ಹೊತ್ತು ಮುಚ್ಚಿಟ್ಟೆ. ಟ್ವೀನ್ 20 ಎಂಬ ಸೋಪಿನಂಥ ವಸ್ತು ಬೆರೆಸಿದ ಬಫರ್ ದ್ರಾವಣದಲ್ಲಿ ಮತ್ತೆ ಮತ್ತೆ ತೊಳೆದೆ. ಓದು ಕದಲಲಿಲ್ಲ. ವಾರಗಳು ಹೋದವು, ಮನಸ್ಸು ಕುಗ್ಗಿತು.

ಕೊನೆಗೆ ಒಂದು ದಿನ ಪಕ್ಕದ ಚುಕ್ಕೆಗಳಿಗೆ ಏನೂ ಹಾಕದೆ, ಆ ಖಾಲಿ ಚುಕ್ಕೆಗೆ ಮಾತ್ರ ಎಲ್ಲ ಹಂತ ಮಾಡಿದೆ. ಕರೆಂಟು ಕತ್ತಲಿನ ಮಟ್ಟಕ್ಕೆ ಇಳಿಯಿತು. ಇಳಿದ ಆ ಗೆರೆಯನ್ನು ಪರದೆಯ ಮೇಲೆ ನೋಡಿದ ಖುಷಿ ಇನ್ನೂ ನೆನಪಿದೆ. ನನ್ನ ತೊಳೆಯುವಿಕೆಯಲ್ಲಿ ತಪ್ಪಿರಲಿಲ್ಲ. ಲ್ಯುಮಿನಾಲ್‌ನ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ. ಒಂದು ಮಿಲಿಮೀಟರ್ ದಪ್ಪದ ಗಾಜನ್ನು ಓರೆಯಾಗಿ ದಾಟಿ ಪಕ್ಕದ ಡಯೋಡ್ ತಲುಪುತ್ತಿತ್ತು. ಚುಕ್ಕೆಗಳ ನಡುವೆ ಇದ್ದದ್ದು ಎರಡೇ ಮಿಲಿಮೀಟರ್.

ಆಮೇಲೆ ಗಾಜಿನ ದಪ್ಪ ಅರ್ಧ ಮಾಡಿದೆವು, ಚುಕ್ಕೆಗಳನ್ನು ದೂರ ಇಟ್ಟೆವು, ದ್ರವ ಹರಿಯುವ ಕಾಲುವೆಗಳ ರಬ್ಬರಿಗೆ ಕಪ್ಪು ಬಣ್ಣ ಬೆರೆಸಿದೆವು. ಪಕ್ಕದಿಂದ ಬರುವ ಬೆಳಕು ಪೂರ್ತಿ ನಿಂತಿಲ್ಲ. ಅದಕ್ಕೇ ಪ್ರತಿ ಗಾಜಿನಲ್ಲೂ ಒಂದು ಡಯೋಡ್‌ನ ಮೇಲೆ ಬರೀ ಬಫರ್ ಬಿಡುತ್ತೇನೆ. ಮೊದಲು ನೋಡುವುದು ಅದರ ಓದನ್ನೇ.