ಬಚ್ಚಲೊಲೆಯಿಂದ ಉಳಿಸಿಕೊಂಡ ಪಕ್ಕಾಸು

ನಮ್ಮ ಕರಾವಳಿಯಲ್ಲಿ ಹಳೇ ಮರ ಕಸಕ್ಕೆ ಹೋಗುವುದಿಲ್ಲ. ಬಚ್ಚಲಿನ ಒಲೆಗೆ ಹೋಗುತ್ತದೆ. ಗೀಸರ್ ಹಾಕಿಸಿದ ಎಷ್ಟೋ ಮನೆಗಳಲ್ಲಿ ಹಿಂದುಗಡೆ ಹಂಡೆ ಈಗಲೂ ಇದೆ. ಮಳೆಗಾಲಕ್ಕೆ ಮುಂಚೆ ಅದರ ಪಕ್ಕ ಕಟ್ಟಿಗೆ ರಾಶಿ ಬೀಳುತ್ತದೆ. ಈ ಸಂಗತಿ ತಲೆಗೆ ಹೋಗಲು ನನಗೆ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಕಂಡವರ ಹತ್ತಿರವೆಲ್ಲ "ಬೇಡದ ಮರ ಇದ್ರೆ ಕೊಡ್ತೀರಾ?" ಎಂದು ಕೇಳುತ್ತಿದ್ದೆ. ಬೇಡದ ಮರ ಯಾರ ಹತ್ತಿರವೂ ಇರಲಿಲ್ಲ.

ನಾನಿರುವುದು ಮಂಗಳೂರು ಹತ್ತಿರದ ಸುರತ್ಕಲ್‌ನಲ್ಲಿ. ಹಗಲು ಆಫೀಸು, ಸಂಜೆ ಮತ್ತು ಭಾನುವಾರ ಜಗಲಿಯಲ್ಲಿ ಮರಗೆಲಸ. ಕೂರುವ ಮಣೆ, ಸೌಟು, ಸಣ್ಣ ಪೆಟ್ಟಿಗೆ, ಗುಳಿಯಾಟದ ಚೆನ್ನೆಮಣೆ, ಇಂಥವನ್ನೇ ಮಾಡುತ್ತೇನೆ. ಇದಕ್ಕೆಲ್ಲ 2 ಅಡಿ ಉದ್ದದ ತುಂಡು ಸಾಕು. ಆದರೆ ಮರದ ಅಂಗಡಿಯಲ್ಲಿ 2 ಅಡಿ ಕತ್ತರಿಸಿ ಕೊಡಿ ಅಂದರೆ ಕೊಡುವುದಿಲ್ಲ. ಇಡೀ ಹಲಗೆ ತರೋಣ ಅಂದರೆ ಸಾಗುವಾನಿಯ ರೇಟು ಕೇಳಿಯೇ ವಾಪಸ್ ಬರಬೇಕು.

ಮೊದಲು ಕೈ ಹಿಡಿದದ್ದು ನಮ್ಮ ರಸ್ತೆಯ ಕೊನೆಯಲ್ಲಿರುವ ಬಡಗಿ ಆಚಾರ್ರ ಶೆಡ್ಡು. ದಾರಂದ, ಬಾಗಿಲು ಮಾಡುವಾಗ ತುದಿಯಲ್ಲಿ ಉಳಿಯುವ ಬೋಗಿ, ಹೆಬ್ಬಲಸು, ಹಲಸು ಮರಗಳ ತುಂಡುಗಳು ಅಲ್ಲಿ ಮೂಲೆಯಲ್ಲಿ ಬಿದ್ದಿರುತ್ತವೆ. ಮಧ್ಯಾಹ್ನ ಹೋದರೆ ಪ್ರಯೋಜನ ಇಲ್ಲ, ಮೆಷಿನ್ ಓಡುತ್ತಿರುತ್ತದೆ, ಅವರು ತಲೆ ಎತ್ತುವುದೂ ಇಲ್ಲ. ಶನಿವಾರ ಸಂಜೆ ಐದೂವರೆಗೆ ಹೋಗಬೇಕು. ಆಗ ಹುಡುಗರು ಹುಡಿ ಗುಡಿಸಿ, ತುಂಡುಗಳನ್ನು ಗೋಣಿಗೆ ತುಂಬುತ್ತಾರೆ. ಅದು ಒಲೆಗೆ ಹೋಗುವ ಗೋಣಿ.

ಕೇಳುವ ರೀತಿಯೂ ಮುಖ್ಯ. "ಏನಾದ್ರೂ ತುಂಡು ಉಂಟಾ?" ಅಂದರೆ "ಇಲ್ಲ ಮಾರಾಯ್ರೆ" ಎಂಬ ಉತ್ತರ ಬರುತ್ತದೆ. "ಆಚಾರ್ರೇ, ಒಂದೂವರೆ ಗೇಣು ಉದ್ದದ್ದು, ಗಂಟಿಲ್ಲದ ಹಲಸು, ಎರಡು ತುಂಡು ಬೇಕಿತ್ತು. ಸೌಟು ಮಾಡ್ಲಿಕ್ಕೆ" ಅಂದೆ. ಅವರೇ ರಾಶಿ ಕೆದಕಿ ಎರಡು ಆರಿಸಿ ಕೊಟ್ಟರು. ಮುಂದಿನ ವಾರ ಆ ಸೌಟನ್ನು ತಗೊಂಡು ಹೋಗಿ ತೋರಿಸಿದೆ. ಹಿಡಿಯ ಮೇಲೆ ಹೆಬ್ಬೆರಳು ಎಳೆದು ನೋಡಿ, "ಇಲ್ಲಿ ಎಳೆ ಅಡ್ಡ ಹೋಗಿದೆ, ಮುರೀತದೆ" ಅಂದರು. ಮುರಿಯಿತು ಕೂಡ, ಸರಿಯಾಗಿ ಅದೇ ಜಾಗದಲ್ಲಿ. ಆದರೆ ಅವತ್ತಿನಿಂದ ನನಗೆಂದೇ ಒಂದು ಗೋಣಿ ಬೇರೆ ಇಡುತ್ತಾರೆ. ತಾವು ಕೊಟ್ಟ ಮರ ಏನಾಯಿತು ಎಂದು ನೋಡುವ ಆಸೆ ಯಾರಿಗಿರುವುದಿಲ್ಲ, ಅಲ್ವಾ?

ಬೈಕಂಪಾಡಿ ಕೈಗಾರಿಕಾ ಪ್ರದೇಶ ನಮಗೆ ಹತ್ತಿರ. ಪಣಂಬೂರಿನ ಬಂದರೂ ಅಲ್ಲೇ. ಯಂತ್ರ, ಗಾಜು, ಬಿಡಿಭಾಗ ಬಂದಿಳಿಯುವ ಮರದ ಪ್ಯಾಲೆಟ್ಟು, ಪೆಟ್ಟಿಗೆಗಳು ಗೋದಾಮಿನ ಹಿಂದೆ ಬಿದ್ದಿರುತ್ತವೆ. ಅವುಗಳನ್ನು ಸುಮ್ನೆ ಎತ್ತಿಕೊಂಡು ಬರಬೇಡಿ. ಹೆಚ್ಚಿನ ಕಡೆ ಗುಜರಿಯವರಿಗೆ ಮೊದಲೇ ಮಾತಾಗಿರುತ್ತದೆ, ಗೇಟಿನ ಸೆಕ್ಯುರಿಟಿಯವರಿಗೆ ತೊಂದರೆ ಆಗುತ್ತದೆ. ಸ್ಟೋರ್ ನೋಡಿಕೊಳ್ಳುವವರನ್ನು ಕೇಳಿ. ಮುರಿದ ಪ್ಯಾಲೆಟ್ಟು ಗುಜರಿಯವರಿಗೂ ಬೇಡ, ಅದು ಪುಕ್ಕಟೆ ಸಿಗುತ್ತದೆ.

ವಿದೇಶದಿಂದ ಬಂದದ್ದಾದರೆ ಬದಿಯಲ್ಲಿ ಒಂದು ಮುದ್ರೆ ಇರುತ್ತದೆ, ತೆನೆಯಂಥ ಚಿತ್ರ, ಪಕ್ಕದಲ್ಲಿ ಅಕ್ಷರಗಳು. 'ಎಚ್‌ಟಿ' ಇದ್ದರೆ ಮರದ ತಿರುಳು 56 ಡಿಗ್ರಿಗೆ ಬಂದು 30 ನಿಮಿಷ ಇರುವ ಹಾಗೆ ಬಿಸಿ ಮಾಡಿದ್ದಾರೆ ಅಂತ ಅರ್ಥ. ಅದನ್ನು ಧೈರ್ಯವಾಗಿ ತರುತ್ತೇನೆ. 'ಎಂಬಿ' ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಅದನ್ನು ಮುಟ್ಟುವುದಿಲ್ಲ. ಮುದ್ರೆ ಸರಿ ಇದ್ದರೂ ಎಣ್ಣೆಯ ಕಲೆ, ಕೆಮಿಕಲ್ ವಾಸನೆ ಇದ್ದರೆ ಬಿಟ್ಟು ಬರುತ್ತೇನೆ. ಪ್ಯಾಲೆಟ್ಟಿನ ಹಲಗೆಯನ್ನು ಮೀಟಿ ತೆಗೆಯಲು ಹೋದರೆ ಸೀಳುತ್ತದೆ. ಹಲಗೆಗೂ ಅಡ್ಡಪಟ್ಟಿಗೂ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನೇ ಕೊಯ್ಯಿರಿ. ಒಂದು ಪ್ಯಾಲೆಟ್ಟಿಗೆ ಒಂದು ಸಂಜೆ ಬೇಕಾಗುತ್ತದೆ.

ಆದರೆ ನನ್ನ ಮನಸ್ಸು ಇರುವುದು ಹಂಚಿನ ಮನೆಗಳ ಮರದಲ್ಲಿ. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನ ಮಾಡುಗಳೇ, ಅಂದರೆ ಛಾವಣಿಗಳೇ, ಬದಲಾದವು. ಒಂದೊಂದು ಹಂಚು 2 ಕಿಲೋಗಿಂತ ಜಾಸ್ತಿ ತೂಗುತ್ತದೆ. ಅಷ್ಟು ಭಾರ ಹೊರಬೇಕು, ಅದರ ಮೇಲೆ ನಮ್ಮ ಮಳೆ ಬೇರೆ. ಆ ಕಾಲದವರು ಪಕ್ಕಾಸಿಗೆ, ಅಂದರೆ ಮಾಡಿನ ಇಳಿಜಾರಿನ ಮರಕ್ಕೆ, ಎಳೆ ಮರ ಹಾಕಲಿಲ್ಲ, ಬಲಿತ ಹಲಸು, ಹೆಬ್ಬಲಸು, ಬೋಗಿಯ ಗಟ್ಟಿ ತಿರುಳು ಹಾಕಿದರು. ಈಗ ಆ ಮನೆಗಳನ್ನು ಕೆಡವಿ ಟೆರೇಸ್ ಮನೆ ಕಟ್ಟುತ್ತಿದ್ದಾರೆ. ಕೆತ್ತಿದ ಕಂಬ, ದೊಡ್ಡ ಬಾಗಿಲು, ತೊಲೆಗಳಿಗೆ ವ್ಯಾಪಾರಿಗಳು ಬರುತ್ತಾರೆ. ವಿಜಯನಾಥ ಶೆಣೈಯವರಂತೂ ಹಳೇ ಮನೆಗಳನ್ನು ಇಡಿಯಾಗಿ ಉಳಿಸಿ ಮಣಿಪಾಲದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. ತುದಿ ಕುಂಬಾಗಿ ಕೊಳೆತ ಪಕ್ಕಾಸು, ಹಂಚು ಕೂರುವ ಪಟ್ಟಿಯಾದ ರೀಪಿನ ತುಂಡು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ಅವು ಹಂಡೆಯ ಅಡಿಗೆ ಹೋಗುತ್ತವೆ.

ಕಿನ್ನಿಗೋಳಿ ಕಡೆ ಒಂದು ಮನೆ ಕೀಳುತ್ತಿದ್ದಾರೆ ಎಂದು ಆಚಾರ್ರೇ ಹೇಳಿದರು. ಹೋಗಿ ಕೇಳಿದೆ. ಮನೆಯ ಯಜಮಾನರು ಒಳ್ಳೆಯವರೇ, ಆದರೆ "ಮಳೆಗಾಲಕ್ಕೆ ಕಟ್ಟಿಗೆ ಬೇಕಲ್ಲ" ಅಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ಅಲ್ಲೇ ನನಗೆ ಹೊಳೆಯಿತು. ಅವರಿಗೆ ಬೇಕಾದದ್ದು ಬೆಂಕಿ, ನನಗೆ ಬೇಕಾದದ್ದು ಮರ. ಮರುದಿನ ಸಾ ಮಿಲ್ಲಿಗೆ ಹೋಗಿ, ದಿಮ್ಮಿಯ ಹೊರಮೈಯಿಂದ ಸೀಳಿ ತೆಗೆದ ತೊಗಟೆ ಹಲಗೆಗಳನ್ನು ಒಂದು ಪಿಕಪ್ ತುಂಬ ತಂದೆ. ಅಕೇಶಿಯ, ಮಾವು, ಏನೇನೋ ಇತ್ತು. ಗಾಡಿ ಬಾಡಿಗೆ ಸೇರಿ 1,800 ರೂಪಾಯಿ ಆಯಿತು. ಅದನ್ನು ಅವರ ಬಚ್ಚಲಿನ ಹಿಂದೆ ಇಳಿಸಿ, ಅದೇ ಪಿಕಪ್‌ನಲ್ಲಿ 31 ಪಕ್ಕಾಸು ತುಂಡು, ಒಂದು ಕಟ್ಟು ರೀಪು ತಂದೆ. ಪುಕ್ಕಟೆ ಅಲ್ಲ, ನಿಜ. ಆದರೆ ಅಷ್ಟು ಬಲಿತ ಹಲಸು ಆ ದುಡ್ಡಿಗೆ ಎಲ್ಲಿ ಸಿಗುತ್ತದೆ? ಈಗ ಎಲ್ಲಿ ಹೋದರೂ ಮರ ಕೊಡಿ ಅನ್ನುವುದಿಲ್ಲ, ಕಟ್ಟಿಗೆ ತಂದು ಕೊಡ್ತೇನೆ ಅನ್ನುತ್ತೇನೆ. ಇಲ್ಲ ಅಂದವರು ಒಬ್ಬರೇ.

ಕಿತ್ತ ಮನೆಯ ಮರಕ್ಕೆ ಗರಗಸ ಹಾಕುವ ಮೊದಲು ಮೊಳೆ ಹುಡುಕಬೇಕು. ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನು ದಾರಕ್ಕೆ ಕಟ್ಟಿ ಪಕ್ಕಾಸಿನ ನಾಲ್ಕೂ ಮುಖದ ಮೇಲೆ ನಿಧಾನಕ್ಕೆ ಎಳೆಯುತ್ತೇನೆ. ಮೊಳೆ ಇದ್ದಲ್ಲಿ ಅದು ಸ್ವಲ್ಪ ವಾಲಿ ನಿಲ್ಲುತ್ತದೆ, ಅಲ್ಲಿ ಸೀಮೆಸುಣ್ಣದ ಗುರುತು. ತುಕ್ಕು ಹಿಡಿದ ಮೊಳೆಯನ್ನು ನೇರ ಎಳೆದರೆ ತಲೆ ಕಿತ್ತು ಬರುತ್ತದೆ, ಮೈ ಒಳಗೇ ಉಳಿಯುತ್ತದೆ. ಅದಕ್ಕೆ ಮೊದಲು ತಲೆಯ ಮೇಲೆ ಒಂದು ಪೆಟ್ಟು ಕೊಟ್ಟು ಚೂರು ಒಳಗೆ ಇಳಿಸಬೇಕು. 'ಟಕ್' ಎಂದು ತುಕ್ಕಿನ ಹಿಡಿತ ಬಿಡುವ ಸದ್ದು ಕೇಳಿಸುತ್ತದೆ. ಆಮೇಲೆ ಎಳೆದರೆ ಸಲೀಸಾಗಿ ಬರುತ್ತದೆ.

ಆ ಮನೆಯ ಅಡುಗೆಕೋಣೆಯ ಪಕ್ಕಾಸು ಹೊಗೆ ಹಿಡಿದು ಇದ್ದಿಲಿನ ಹಾಗೆ ಕಪ್ಪಾಗಿತ್ತು. ಮೊದಲ ಸಲ ಕೀಸುಳಿ ಓಡಿಸಿದಾಗ ಕರಿಯ ಪುಡಿ ಬಂತು, ಎರಡನೇ ಸಲ ಕಂದು ಸುರುಳಿ. ಮೂರನೇ ಸಲಕ್ಕೆ ಒಳಗಿನಿಂದ ಜೇನಿನ ಬಣ್ಣ ಎದ್ದು ಬಂತು. ಹಲಸು ಹೊಸತಿರುವಾಗ ಅರಿಶಿನದಷ್ಟು ಹಳದಿ, ಬೆಳಕು ಕಂಡು ಕಂಡು ಕೆಂಪಾಗುತ್ತದೆ. ಇಷ್ಟು ವರ್ಷ ಮಸಿಯ ಅಡಿಯಲ್ಲಿದ್ದ ಮರ ಒಳಗೆ ಹಾಗೇ ಇತ್ತು. ಹೊಗೆಯ ಜೊತೆ ಸಣ್ಣ ಸಿಹಿ ವಾಸನೆ. ಅವತ್ತು ಕೆಲಸ ನಿಲ್ಲಿಸಿ ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತೆ.

ಒಂದು ನಷ್ಟವನ್ನೂ ಹೇಳಬೇಕು. ಪ್ಯಾಕಿಂಗ್ ಪೆಟ್ಟಿಗೆಯ ರಬ್ಬರ್ ಮರದ ಪಟ್ಟಿಗಳನ್ನು ಜೂನ್‌ನಲ್ಲಿ ತಂದು ಉಳಿದ ಮರದ ಜೊತೆಗೇ ಜೋಡಿಸಿಟ್ಟಿದ್ದೆ. ಸೆಪ್ಟೆಂಬರ್‌ನಲ್ಲಿ ತೆಗೆದರೆ ಅಡಿಯಲ್ಲಿ ಮೈದಾ ಹಿಟ್ಟಿನಂಥ ಪುಡಿ, ಮೇಲೆ ಸೂಜಿ ಚುಚ್ಚಿದ ಹಾಗೆ ತೂತುಗಳು. ಪಕ್ಕದಲ್ಲಿದ್ದ ಮಾವಿನ ಹಲಗೆಗೂ ಹುಳ ದಾಟಿತ್ತು. ಎಲ್ಲ ಸುಟ್ಟೆ. ಈಗ ಹೊಸದಾಗಿ ಬಂದ ಮರವನ್ನು ಎರಡು ತಿಂಗಳು ಬೇರೆಯೇ ಇಡುತ್ತೇನೆ, ನೆಲಕ್ಕೆ ತಾಗದಂತೆ, ನಡುವೆ ರೀಪಿನ ಚೂರು ಕೊಟ್ಟು, ಗಾಳಿ ಆಡುವ ಹಾಗೆ. ಒಣಗಿದೆಯೋ ಇಲ್ಲವೋ ಗೊತ್ತಾಗಲು ಅಡುಗೆಮನೆಯ ತಕ್ಕಡಿ ಸಾಕು. ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ ಅದರ ಮೇಲೆಯೇ ಬರೆಯಿರಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರು ಮಾಡಿ. ಹೊರಗೆ ಇಡುವ ಸಾಮಾನಿಗೆ ನಮ್ಮ ಹಿರಿಯರ ಹಾಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತೇನೆ, ಗೆದ್ದಲು ಹತ್ತಿರ ಬರುವುದಿಲ್ಲ. ಗ್ಲೌಸ್ ಬೇಕೇ ಬೇಕು, ಕೈಗೆ ತಾಗಿದರೆ ಚರ್ಮ ಸುಟ್ಟು ಏಳುತ್ತದೆ. ಊಟ ತಿಂಡಿಗೆ ತಾಗುವ ಯಾವುದಕ್ಕೂ ಅದು ಬೇಡ.

ಸೆಂಟ್ರಿಂಗ್ ಹಲಗೆಯನ್ನು ಪುಕ್ಕಟೆ ಕೊಟ್ಟರೂ ತರುವುದಿಲ್ಲ, ಸಿಮೆಂಟು ಕೀಸುಳಿಯ ಅಲಗನ್ನು ತಿನ್ನುತ್ತದೆ. ಮಲ್ಪೆಯ ಹಳೇ ದೋಣಿಯ ಹಲಗೆ ನೋಡಲು ಚಂದ, ಒಳಗೆ ಉಪ್ಪು ಮತ್ತು ಮುರಿದ ಮೊಳೆ. ಗಾಳಿಮಳೆಗೆ ರಸ್ತೆ ಬದಿ ಬಿದ್ದ ಮರ ಯಾರದೂ ಅಲ್ಲ ಅಂದುಕೊಳ್ಳಬೇಡಿ, ಕೇಳದೆ ಕಡಿದರೆ ಅರಣ್ಯ ಇಲಾಖೆಯ ಕೇಸಾಗುತ್ತದೆ.

ಕಿನ್ನಿಗೋಳಿಯ ಪಕ್ಕಾಸಿನಲ್ಲಿ ಎರಡನ್ನು 2 ಅಡಿಗೆ ಕತ್ತರಿಸಿ, ಪಕ್ಕಪಕ್ಕ ಅಂಟಿಸಿ, ಒಂದೊಂದರಲ್ಲಿ 7ರಂತೆ 14 ಗುಳಿ ತೋಡಿ ಚೆನ್ನೆಮಣೆ ಮಾಡಿದೆ. ಮಳೆಗಾಲದ ಆಟಿ ತಿಂಗಳಲ್ಲಿ ಆ ಮನೆಯ ಅಜ್ಜಿಗೆ ಕೊಡಲು ಹೋದೆ. ಅವರು ಗುಳಿ ಎಣಿಸಲಿಲ್ಲ, ಮಣೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. "ಅಡುಗೆಕೋಣೆದ್ದಾ?" ಅಂತ ಕೇಳಿದರು. ಹೌದಮ್ಮ ಅಂದೆ. ಮೊಮ್ಮಗಳನ್ನು ಕರೆದು ಆಟದ ಮಂಜೊಟ್ಟಿ ಕಾಯಿ ತರಿಸಿ, ಗುಳಿಗೆ ನಾಲ್ಕು ನಾಲ್ಕರಂತೆ ಹಾಕತೊಡಗಿದರು. ಹಾಕುತ್ತಲೇ ಹೇಳಿದರು: "ಕಟಪಾಡಿಯಲ್ಲಿ ನನ್ನ ತಮ್ಮನ ಮನೆ ಉಂಟು. ಬರುವ ಫೆಬ್ರವರಿಗೆ ಮಾಡು ಬಿಚ್ಚುತ್ತಾರಂತೆ. ನೀವು ಈಗಲೇ ಕಟ್ಟಿಗೆ ಹೇಳಿ ಇಡಿ."